ವಜ್ರದ ಬ್ಲೇಡಿನ ಆಯುಷ್ಯ

ಕಲ್ಲು ಕೊಯ್ಯುವ ಬ್ಲೇಡು ಮಾರುವ ಅಂಗಡಿಯಲ್ಲಿ ಕೆಲಸಕ್ಕಿರುವವನು ನಗು ಹುಡುಕಿಕೊಂಡು ಬೇರೆ ಕಡೆ ಹೋಗಬೇಕಾಗಿಲ್ಲ. ವಾರಕ್ಕೊಂದಾದರೂ ತಾನಾಗಿಯೇ ಮೆಟ್ಟಿಲು ಹತ್ತಿ ಬರುತ್ತದೆ. ನಮ್ಮ ಅಂಗಡಿ ಇರುವುದು ಬೀದರದಲ್ಲಿ. ಬ್ಲೇಡೆಂದರೆ ತಟ್ಟೆಯಂಥ ಉಕ್ಕಿನ ಚಕ್ರ. ಅದರ ಅಂಚಿಗೆ ರವೆಯಷ್ಟು ಸಣ್ಣ ವಜ್ರದ ಹರಳುಗಳನ್ನು ಲೋಹದ ಪುಡಿಯಲ್ಲಿ ಬೆರೆಸಿ ಕೂರಿಸಿರುತ್ತಾರೆ. ಅದು ಬೇಗ ಸವೆದರೆ ಗಿರಾಕಿಗಳು ಬಂದು ಬೈಯುತ್ತಾರೆ. ಬೈಸಿಕೊಳ್ಳುವುದು ಮಾಲೀಕರ ಆರೋಗ್ಯಕ್ಕೆ ಒಗ್ಗುವುದಿಲ್ಲವಾದ್ದರಿಂದ ನನ್ನನ್ನು ಇಟ್ಟುಕೊಂಡಿದ್ದಾರೆ. ಭಾಲ್ಕಿಯಿರಲಿ, ಔರಾದವಿರಲಿ, ದೂರು ಬಂದಲ್ಲಿಗೆ ಬೈಕಿನಲ್ಲಿ ಹೋಗಿ, ಬ್ಲೇಡು ಹೆಚ್ಚು ದಿನ ಬಾಳಿಕೆ ಬರುವುದು ಹೇಗೆಂದು ತಿಳಿಸಿ ಬರುವುದು ನನ್ನ ಕೆಲಸ. ಹೇಳುವುದು ನನ್ನ ಕೈಯಲ್ಲಿದೆ. ಅವರಿಗೆ ಏನು ಕೇಳಿಸುತ್ತದೆ ಅನ್ನುವುದು ಮಾತ್ರ ನನ್ನ ಕೈಯಲ್ಲಿಲ್ಲ.

ಬಾಣ

ಬೀದರದ ಒಬ್ಬ ಮಿಸ್ತ್ರಿ ಒಂದೇ ತಿಂಗಳಲ್ಲಿ ಮೂರು ಬ್ಲೇಡು ಸವೆಸಿಕೊಂಡು ಬಂದರು. ಮೂರನ್ನೂ ಟೇಬಲ್ಲಿನ ಮೇಲಿಟ್ಟು, ನಿಮ್ಮ ಮಾಲು ಪೂರಾ ಖೋಟಾ ಅಂದರು. ನಾನು ಅವರ ಕೆಲಸದ ಜಾಗಕ್ಕೇ ಹೋದೆ. ಬ್ಲೇಡಿನ ಮೇಲೆ ಒಂದು ಬಾಣದ ಗುರುತಿರುತ್ತದೆ, ಮಷಿನ್ನು ತಿರುಗುವ ದಿಕ್ಕಿಗೇ ಅದೂ ಇರಬೇಕು. ಇವರದು ಸರಿಯಾಗಿ ಉಲ್ಟಾ ಇತ್ತು. ಹಾಗೆ ಹಾಕಿದರೆ ಕೊಯ್ಯುವುದು ಕಡಿಮೆ, ಸವೆಯುವುದು ಜಾಸ್ತಿ.

ಬಾಣ ನೋಡಲಿಲ್ಲವೇನ್ರಿ ಅಂತ ಕೇಳಿದೆ. ನೋಡಿದ್ದರಂತೆ. ನೋಡಿಯೇ ತಿರುಗಿಸಿ ಹಾಕಿದ್ದರಂತೆ.

"ಅದು ನನ್ನ ಎದಿಗೇ ಗುರಿ ಇಟ್ಟಂಗಿತ್ತರಿ," ಅಂದರು. "ಮನ್ಯಾಗ ಹೆಂಡ್ತಿ ಮಕ್ಕಳಿದ್ದಾರ. ಅದಕ್ಕ ಆ ಕಡಿ ಮಾಡಿ ಹಾಕಿದೆ."

ನೆನೆ ಹಾಕಿದ ಬ್ಲೇಡು

ಭಾಲ್ಕಿಯಲ್ಲಿ ನೆಲಕ್ಕೆ ಫರಸಿ ಕಲ್ಲು ಕೂರಿಸುವ ಗಂಡ-ಹೆಂಡತಿ ಇದ್ದಾರೆ. ಗಂಡ ಮಿಸ್ತ್ರಿ, ಹೆಂಡತಿ ಅವನಿಗೆ ಕಲ್ಲು ಎತ್ತಿಕೊಡುವವಳು. ಬ್ಲೇಡು ಕಾದು ನೀಲಿಗಟ್ಟುತ್ತದೆ ಅಂತ ಗಂಡ ಫೋನು ಮಾಡಿದ. ನೀರು ಬೇಕು, ನೀರಿಲ್ಲದೆ ಬ್ಲೇಡು ಬಾಳುವುದಿಲ್ಲ ಅಂತ ಹೇಳಿ ಫೋನಿಟ್ಟೆ. ವಾರದ ಮೇಲೆ ಮತ್ತೆ ಫೋನು ಬಂತು. ನೀರು ಹಾಕಿದರೂ ಅದೇ ಹಾಡು ಅಂದ.

ಹೋಗಿ ನೋಡಿದರೆ ಧೂಳಿನ ಮೋಡದ ನಡುವೆ ಅವನು ಒಣಗಲ್ಲು ಕೊಯ್ಯುತ್ತಿದ್ದಾನೆ. ಒಂದು ಹನಿ ನೀರಿಲ್ಲ. ನೀರೆಲ್ಲಿ ಅಂತ ಕೇಳಿದೆ. ಮೂಲೆಯಲ್ಲಿದ್ದ ಬಕೀಟು ತೋರಿಸಿದ. ಅದರಲ್ಲಿ ಎರಡು ಹೊಸ ಬ್ಲೇಡುಗಳು ಮುಳುಗಿದ್ದವು. ಮುಂಜಾನೆಯಿಂದ ನೆನೆಯುತ್ತಿವೆಯಂತೆ.

ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಂಡು, ಕಡಲೆ ನೆನೆಯುತ್ತದೆ, ಕಬ್ಬಿಣ ನೆನೆಯುವುದಿಲ್ಲ ಅಂತ ತಾನು ಮೊದಲೇ ಹೇಳಿದ್ದೆ ಅಂದಳು. ಕೊಯ್ಯುವಾಗಲೇ ಅಂಚಿಗೆ ನೀರು ಬೀಳುತ್ತಿರಬೇಕು ಅಂತ ನಾನು ತೋರಿಸಿದ್ದೇ ತಡ, ಅವಳು ಒಂದು ಪ್ಲಾಸ್ಟಿಕ್ ಬಾಟಲಿಯ ಮುಚ್ಚಳಕ್ಕೆ ಮೊಳೆಯಿಂದ ತೂತು ಹೊಡೆದು, ಬ್ಲೇಡಿನ ಮೇಲೆ ಹನಿ ಬೀಳುವಂತೆ ಕೊಯ್ಯುವ ಮೇಜಿಗೆ ತಲೆಕೆಳಗಾಗಿ ಕಟ್ಟಿಯೇಬಿಟ್ಟಳು. ಅಂದಿನಿಂದ ಒಂದೇ ಬ್ಲೇಡಿನಲ್ಲಿ ಎರಡರ ಕೆಲಸ ಆಗುತ್ತಿದೆ. ಅದಕ್ಕಿಂತ ಹೆಚ್ಚಾಗಿ, ಗಂಡನ ಕೆಮ್ಮು ಕಡಿಮೆಯಾಗಿದೆ.

ಮೊನ್ನೆ ಆ ಕಡೆ ಹೋದಾಗ ಎಲ್ಲ ಛಲೋ ನಡೆದಿದೆಯೇನಮ್ಮ ಅಂತ ಕೇಳಿದೆ.

"ಛಲೋ ನಡದದರಿ. ತಾಸಿಗೊಮ್ಮಿ ಎದ್ದು ತಾನೇ ಬಾಟ್ಲಿ ತುಂಬಸ್ತಾನ," ಅಂದಳು. "ಲಗ್ನ ಆಗಿ ಹದಿನೆಂಟು ವರ್ಷಾತು. ನನಗೊಂದು ಗ್ಲಾಸ್ ನೀರು ಕೊಟ್ಟಿಲ್ಲರಿ."

ಭಾರ

ಇನ್ನೊಬ್ಬ ಮಿಸ್ತ್ರಿ ಬೀದರದವರೇ, ಆನೆಯಂಥ ಆಳು. ಮಷಿನ್ನಿನ ಮೇಲೆ ಮೈಭಾರವೆಲ್ಲ ಹಾಕಿ ಒತ್ತುತ್ತಿದ್ದರು. ಒತ್ತಿದರೆ ಬ್ಲೇಡು ಬಳುಕುತ್ತದೆ, ಹಲ್ಲು ಮುರಿಯುತ್ತದೆ, ಭಾರ ಹಾಕಬೇಡಿ, ಅದು ತನ್ನಷ್ಟಕ್ಕೆ ಕೊಯ್ಯಲಿ ಅಂತ ಹೇಳಿಬಂದೆ.

ಮುಂದಿನ ಸಲ ಹೋದಾಗ ಅವರು ಬೇವಿನ ನೆರಳಲ್ಲಿ ಕೂತಿದ್ದರು. ಮಷಿನ್ನು ಹಿಡಿದಿದ್ದವನು ಅವರ ತಮ್ಮ, ಗಾಳಿ ಬಂದರೆ ಹಾರಿಹೋಗುವಂಥವನು. ಮೂರು ತಿಂಗಳಾದರೂ ಅದೇ ಬ್ಲೇಡಂತೆ. ಇವನಿಂದ ಏನೂ ಆಗದು ಅಂತ ಮನೆಯವರೆಲ್ಲ ಕೈಬಿಟ್ಟಿದ್ದ ಹುಡುಗ, ಈಗ ಇವನಷ್ಟು ನೀಟಾಗಿ ಕೊಯ್ಯುವವರು ಓಣಿಯಲ್ಲೇ ಇಲ್ಲ ಅಂತ ಅಣ್ಣ ಹೊಗಳಿದ್ದೇ ಹೊಗಳಿದ್ದು. ತಮ್ಮ ನಾಚಿಕೊಂಡು ನೆಲ ನೋಡಿದ.

"ಒಂದೇ ಚಿಂತಿ ನೋಡ್ರಿ," ಅಂದರು ಅಣ್ಣ. "ದುಡ್ಯಾಕತ್ತಾನಂತ ಅವ್ವ ಇವನಿಗಿ ತುಪ್ಪ ಹಾಕ್ಲತ್ತಾಳ. ಬ್ಲೇಡ್ ಹಾಳಾಗ್ತದಂದ್ರ ಕೇಳವಲ್ಲಳು."

ಕೆಂಪು ಕಲ್ಲು

ಔರಾದದಲ್ಲಿ ನರ್ಸಾಗಿ ನಿವೃತ್ತರಾದ ಒಬ್ಬ ಸಿಸ್ಟರು ಮನೆ ಕಟ್ಟಿಸಿದರು. ನೌಕರಿಯುದ್ದಕ್ಕೂ ಕ್ವಾರ್ಟರ್ಸುಗಳಲ್ಲೇ ಇದ್ದವರು, ಸ್ವಂತದ ಅಡುಗೆಮನೆ ಅಂತ ಕಂಡದ್ದು ಇದೇ ಮೊದಲು. ಅಲ್ಲಿಂದ ಮಿಸ್ತ್ರಿಯ ಫೋನು ಬಂದ ಮರುದಿನ ಬೆಳಿಗ್ಗೆಯೇ ಪಾಸ್ಟರು ಬಂದು ಮನೆಯ ಪ್ರಾರ್ಥನೆ ಮಾಡುವವರಿದ್ದರು. ಇತ್ತ ಅಡುಗೆ ಕಟ್ಟೆಯ ಕರಿ ಗ್ರಾನೈಟಿನಲ್ಲಿ ಸಿಂಕಿಗೆ ಚೌಕ ಕೊಯ್ಯುತ್ತ ಮೂರು ಬದಿ ಮುಗಿಸಿ, ನಾಲ್ಕನೆಯದಕ್ಕೆ ಬ್ಲೇಡು ಮುಷ್ಕರ ಹೂಡಿತ್ತು. ಕಿಡಿ ಬರುತ್ತದೆ, ಕಲ್ಲು ತುಂಡಾಗುವುದಿಲ್ಲ. ಮಿಸ್ತ್ರಿಯ ದನಿಯಲ್ಲಿ ಅಳು ಕೇಳಿಸಿ ನಾನು ಮಧ್ಯಾಹ್ನದ ಬಿಸಿಲಲ್ಲೇ ಬೈಕು ಹತ್ತಿದೆ.

ಬ್ಲೇಡು ಹಾಳಾಗಿರಲಿಲ್ಲ. ಗಟ್ಟಿ ಕಲ್ಲು ಕೊಯ್ದು ಕೊಯ್ದು ಅಂಚು ಕನ್ನಡಿಯ ಹಾಗೆ ನುಣುಪಾಗಿತ್ತು, ವಜ್ರದ ಹರಳುಗಳು ಲೋಹದೊಳಗೆ ಹೂತುಹೋಗಿದ್ದವು. ಇಂಥ ಹೊತ್ತಿಗೆ ಬೇಕಾಗುತ್ತದೆಂದೇ ಬೀದರದ ಒರಟು ಕೆಂಪು ಕಲ್ಲೊಂದನ್ನು ಚೀಲದಲ್ಲಿ ಇಟ್ಟುಕೊಂಡಿರುತ್ತೇನೆ. ಅದನ್ನು ಅಂಗಳದಲ್ಲಿ ಭದ್ರವಾಗಿಟ್ಟು, ನೀರು ಬಿಟ್ಟು, ಬ್ಲೇಡಿನಿಂದ ಹತ್ತು ಹನ್ನೆರಡು ಗೀರು ಕೊಯ್ದೆ. ಸಿಸ್ಟರು ಸೊಂಟದ ಮೇಲೆ ಕೈಯಿಟ್ಟುಕೊಂಡು, ಅಷ್ಟು ದೂರದಿಂದ ಬಂದದ್ದು ಈ ಕಲ್ಲು ಹಾಳುಮಾಡಲಿಕ್ಕೇನು ಅಂತ ಕೇಳಿದರು. ನಾನು ಒಳಗೆ ಹೋಗಿ ಬ್ಲೇಡನ್ನು ಗ್ರಾನೈಟಿಗೆ ಹಚ್ಚಿದೆ. ಸರ್ರನೆ ಇಳಿಯಿತು. ಚೌಕ ಕಳಚಿ ಮಿಸ್ತ್ರಿಯ ಕೈಗೆ ಬಂತು. ಸಿಸ್ಟರು ಒಂದು ಗಳಿಗೆ ಆ ಚೌಕದ ಅಂಚನ್ನು ಸವರುತ್ತ ನಿಂತರು. ಆಮೇಲೆ, ನಾಳೆ ಊಟಕ್ಕೆ ಬರದಿದ್ದರೆ ನೋಡು ಅಂತ ನನಗೆ ತಾಕೀತು ಮಾಡಿದರು.

ಅಂಗಳದ ಕಟ್ಟೆಯ ಮೇಲೆ ಪಕ್ಕದ ಮನೆಯ ಮುದುಕರು ಕೂತಿದ್ದರು, ಕುರಿ ಸಾಕಿದವರು. ಏನಾಯಿತು ಅಂತ ಕೇಳಿದರು. ಕೆಂಪು ಕಲ್ಲಿನಿಂದ ವಜ್ರ ಹೊರಗೆ ಬಂತು ಅಂತ ಅವಸರದಲ್ಲಿ ಹೇಳಿ ಗಾಡಿ ಚಾಲೂ ಮಾಡಿದೆ.

ಮರುದಿನ ಪ್ರಾರ್ಥನೆ ಮುಗಿದು ಊಟ ನಡೆದಿತ್ತು. ಹೊಸ ಸಿಂಕಿನಲ್ಲಿ ಮೊದಲು ಕೈ ತೊಳೆಯುವ ಮಾನ ಸಿಸ್ಟರು ಮಿಸ್ತ್ರಿಗೇ ಕೊಟ್ಟರು. ಅಷ್ಟರಲ್ಲಿ ಮುದುಕರು ನನ್ನನ್ನು ಬದಿಗೆ ಕರೆದರು. ಅವರ ಮಗಳನ್ನು ಜನವಾಡಕ್ಕೆ ಕೊಟ್ಟಿದೆ, ಬೀಗರದು ಹಳೇ ಮನೆ, ಗೋಡೆಯೆಲ್ಲ ಕೆಂಪು ಕಲ್ಲಿನದು. ಮಗಳು ಅತ್ತೆಯ ಜೊತೆ ಜಗಳಾಡಿ, ಬೇರೆ ಮನೆ ಮಾಡುತ್ತೇನೆಂದು ಗಂಟು ಕಟ್ಟಿ ಕೂತಿದ್ದಳಂತೆ. ಇವರು ನಿನ್ನೆಯೇ ಫೋನು ಮಾಡಿ, ಆ ಗೋಡೆಗಳಲ್ಲಿ ವಜ್ರ ಇದೆ, ಮನೆ ಬಿಟ್ಟು ಕದಲಬೇಡ ಅಂತ ಹೇಳಿದ್ದಾರೆ.

ವಜ್ರ ಇದ್ದದ್ದು ಬ್ಲೇಡಿನಲ್ಲಿ, ಕಲ್ಲು ಅದನ್ನು ಉಜ್ಜಿ ಹೊರಗೆ ತರುತ್ತದೆ ಅಷ್ಟೇ ಅಂತ ಕೈಮುಗಿದು ಬಿಡಿಸಿ ಹೇಳಿದೆ. ಈಗಲೇ ಮಗಳಿಗೆ ಫೋನು ಹಚ್ಚಿಕೊಡಿ, ನಾನೇ ತಪ್ಪಾಯಿತು ಅನ್ನುತ್ತೇನೆ ಅಂದೆ.

ಮುದುಕರು ನನ್ನ ಮೊಣಕೈ ಹಿಡಿದು ದನಿ ಇಳಿಸಿದರು.

"ಒಂದು ವರ್ಷ ತಡೀರಿ. ನಿನ್ನಿ ಸಂಜಿಂದ ಅಕಿ ಒಂದೊಂದೇ ಗ್ವಾಡಿ ಹುಡುಕಿ ಹುಡುಕಿ ಒರಸ್ಲತ್ತಾಳ. ಅದು ನೋಡಿ ಅತ್ತಿ, ಸೊಸಿಗಿ ಮನಿ ಮ್ಯಾಲ ಮಾಯಾ-ಮಮತಾ ಬಂತಂತ, ಕೊಳ್ಳಾನ ಸರ ಬಿಚ್ಚಿ ಅಕಿಗಿ ಹಾಕ್ಯಾಳ."