ಐವತ್ತೊಂಬತ್ತರ ಯುವಕರಿಗೆ ಒಂದು ಅರ್ಜಿ

ಮಂಕಿ, ೧೨ ಅಕ್ಟೋಬರ್ ೨೦೦೩

ಶ್ರೀ ಶಾಂತಾರಾಮ ನಾಯ್ಕ,
ನಮ್ಮೂರ ಯುವಕ ಸಂಘದ ಸ್ಥಾಪಕರು, ಅಧ್ಯಕ್ಷರು ಮತ್ತು ತಂಡದ ನಾಯಕರು

ಮಾನ್ಯ ಯುವಕರೇ,

ತಮ್ಮ ಸನ್ನಿಧಿಗೆ ಸಾಷ್ಟಾಂಗ ನಮಸ್ಕರಿಸಿ, ಮಿಕ್ಸರ್-ಫ್ಯಾನು ರಿಪೇರಿಯ ಗುರುದತ್ತ ಮಾಡಿಕೊಳ್ಳುವ ವಿನಂತಿ ಏನೆಂದರೆ, ಯುವಕ ಸಂಘದ ಸದಸ್ಯತ್ವಕ್ಕಾಗಿ ನಾನು ಕೊಟ್ಟ ಅರ್ಜಿಯನ್ನು ತಾವು ಮೂರನೆಯ ಸಲ ತಿರಸ್ಕರಿಸಿದ್ದೀರಿ. ಈಗ ಇಪ್ಪತ್ತಾರು ವರ್ಷದವನಾದ ನಾನು ಯುವಕನೆನ್ನಿಸಿಕೊಳ್ಳಲು ಇನ್ನೆಷ್ಟು ಕಾಲ ಕಾಯಬೇಕೆಂದು ತಿಳಿಯದೆ ಈ ಪತ್ರ ಬರೆಯುತ್ತಿದ್ದೇನೆ.

೧೯೭೪ರಲ್ಲಿ ಸಂಘ ಕಟ್ಟಿದಾಗ ತಮಗೂ ಮೂವತ್ತು, ಸದಸ್ಯರ ವಯೋಮಿತಿಯೂ ಮೂವತ್ತು. ಮರುವರ್ಷ ತಮಗೆ ಮೂವತ್ತೊಂದು ತುಂಬಿದ್ದರಿಂದ ಠರಾವು ಪಾಸು ಮಾಡಿ ಮಿತಿಯನ್ನೂ ಮೂವತ್ತೊಂದಕ್ಕೆ ಏರಿಸಿದಿರಿ. ಹೀಗೆ ಪ್ರತಿ ವಾರ್ಷಿಕ ಸಭೆಯಲ್ಲೂ ಒಂದೊಂದು ವರ್ಷ ಏರಿಸುತ್ತ, ವಾಲಿಬಾಲ್ ನೆಟ್ಟನ್ನು ಮಾತ್ರ ಎರಡೆರಡು ಬೆರಳು ಇಳಿಸುತ್ತ ಬಂದು, ಇಂದು ಐವತ್ತೊಂಬತ್ತರ ಹರೆಯದಲ್ಲಿ, ಎದೆಮಟ್ಟದ ನೆಟ್ಟಿನ ಮೇಲೆ ತಾವು ನೆಲ ಬಿಡದೆ ಹೊಡೆಯುವ ಸ್ಮ್ಯಾಶನ್ನು ಕಂಡಾಗಲೆಲ್ಲ ನನ್ನ ಕಣ್ಣು ತುಂಬಿ ಬರುತ್ತದೆ. ಕಾರ್ಯದರ್ಶಿ ದಾಸಣ್ಣನವರು ಮೊಮ್ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಸರ್ವಿಸ್ ಮಾಡುವಂಥ ಆಟವನ್ನು ನಾನು ಮುಂಬೈಯಲ್ಲೂ ಕಂಡಿರಲಿಲ್ಲ.

ಮುಂಬೈ ಎಂದಾಗ ನೆನಪಾಯಿತು. ತಿರಸ್ಕಾರಕ್ಕೆ ತಾವು ಕೊಟ್ಟ ಕಾರಣ ಒಂದೇ: "ನೀ ಎಂತಕ್ಕೆ ಸೇರೂದು ಮಾರಾಯಾ? ನಾಳೆ ಮತ್ತೆ ಮುಂಬೈ ಬಸ್ ಹತ್ತುಕೆ ಅಲ್ದಾ?" ತಮ್ಮ ಅನುಮಾನ ಸುಳ್ಳಲ್ಲ. ನನ್ನ ಜೊತೆ ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗರಲ್ಲಿ ಊರಲ್ಲಿ ಉಳಿದವನು ಬೊಮ್ಮಯ್ಯ ಒಬ್ಬನೇ. ಅವನೂ ಮೊನ್ನೆ ಹೊನ್ನಾವರಕ್ಕೆ ಹೋಗಿ ಪಾಸ್‌ಪೋರ್ಟಿಗೆ ಫೋಟೋ ತೆಗೆಸಿಕೊಂಡು ಬಂದ. ಆದರೆ ಮಾನ್ಯರೇ, ಮುಂಬೈಯಲ್ಲಿ ನಾನಿದ್ದ ಐದು ವರ್ಷವೂ ಜನ ನನ್ನೊಡನೆ ಆಡಿದ ಮಾತೆಂದರೆ "ಜರಾ ಬಾಜೂ" ಎಂಬುದೊಂದೇ. ಬದಿಗೆ ಸರಿದು ಸರಿದು ಮಂಕಿಗೇ ಬಂದು ಮುಟ್ಟಿದ್ದೇನೆ. ಇನ್ನೂ ಸರಿದರೆ ಸಮುದ್ರ. ಇಲ್ಲಿ ಹಗಲು ಹೇಗೋ ಅಂಗಡಿಯಲ್ಲಿ ಕಳೆಯುತ್ತದೆ. ಸಂಜೆ ಐದಾದರೆ ನನ್ನ ಜೊತೆ ಮಾತಾಡಲು ಒಬ್ಬರೂ ಇಲ್ಲ, ಬಹಳ ಬೇಜಾರಾಗುತ್ತದೆ. ಇದೊಂದು ಸಾಲನ್ನು ತಮಾಷೆಗೆ ಬರೆದಿಲ್ಲ.

ಆದಕಾರಣ, ಐವರೇ ಉಳಿದಿರುವ ತಂಡಕ್ಕೆ ಆರನೆಯವನು ಬೇಡವೆನ್ನುವ ತಮ್ಮ ಸ್ವಾಭಿಮಾನಕ್ಕೆ ತಲೆಬಾಗಿ ಕೇಳುವುದೇನೆಂದರೆ, ಮುಂದಿನ ಸಭೆಯಲ್ಲಿ ಠರಾವು ಮಾಡಿ ನನ್ನ ವಯಸ್ಸಿಗೆ ಮೂವತ್ತಮೂರು ವರ್ಷ ಸೇರಿಸಿಕೊಡಬೇಕು. ಅದಕ್ಕೆ ನಿಯಮ ಅಡ್ಡ ಬಂದರೆ, ತಾವೆಲ್ಲರೂ ದೊಡ್ಡ ಮನಸ್ಸು ಮಾಡಿ ಒಂದೇ ಒಂದು ಸಂಜೆಯ ಮಟ್ಟಿಗಾದರೂ ಮುದುಕರಾಗಬೇಕು.

ಸದಸ್ಯನಲ್ಲದಿದ್ದರೂ ತಮ್ಮ ವಿಶ್ವಾಸಿ,
ಗುರುದತ್ತ

ತಾ.ಕ.: ಇಷ್ಟು ಬರೆದು ಮುಗಿಸುವಾಗ, ಮಿಕ್ಸರ್ ಒಯ್ಯಲು ಅಂಗಡಿಗೆ ಬಂದ ತಮ್ಮ ಮನೆಯವರು, ಅಂದರೆ ಮಹಿಳಾ ಮಂಡಳದ ಅಧ್ಯಕ್ಷೆ ಮಂಗಲಕ್ಕ, ಪತ್ರವನ್ನು ಪೂರ್ತಿ ಓದಿ, "ನಮ್ಮಲ್ಲಿ ಬಾ. ನಮ್ಗೆ ಆಟ ಹೇಳಿಕೊಡುಕೆ ಜನ ಇಲ್ಲ. ಐದು ಗಂಟೆಗೆ ಶಾಲೆ ಬಯಲಿಗೆ ಬಾ, ಆತಾ?" ಎಂದರು. ನಾನು ಊರು ಬಿಟ್ಟು ಯಾವಾಗ ಹೋಗುವವನೆಂದು ಅವರು ಕೇಳಲೇ ಇಲ್ಲ. ಬರುವ ಭಾನುವಾರ ತಮ್ಮ ಸಂಘದೊಂದಿಗೆ ನಮ್ಮ ಮಂಡಳದ ಪಂದ್ಯ ಇಟ್ಟುಕೊಂಡಿದ್ದೇವೆ. ಮೊಣಕಾಲಿಗೆ ಎಣ್ಣೆ ತಿಕ್ಕಿಕೊಂಡೇ ಬರಬೇಕೆಂದು ತಮಗೆ ಹೇಳಲು ಮಂಗಲಕ್ಕ ತಿಳಿಸಿದ್ದಾರೆ.