ಅಕ್ಕನ ಫೋನಿನಲ್ಲಿ ನನ್ನ ಆಕಳಿಕೆ

ಪುಸ್ತಕ ಮುಟ್ಟದೆ ಬಿ.ಎ. ಮಾಡಲು ಹೊರಟವರು ಮಹಾರಾಷ್ಟ್ರದ ಗಡಿಯಲ್ಲಿರುವ ನಮ್ಮ ಜತ್ತ ತಾಲೂಕಿನಲ್ಲಿ ಬಹಳ ಜನ ಇದ್ದಾರೆ. ಅದನ್ನು ಶ್ರದ್ಧೆಯಿಂದ ಮಾಡಿದವಳು ನನ್ನ ಅಕ್ಕ ಒಬ್ಬಳೇ.

ಶಾಲೆಯ ಒಳಗೆ ಎಂದೂ ಕೂಡದ ಈಕೆ ಮಕ್ಕಳ ಪಾಟಿಯಲ್ಲಿ ಅಕ್ಷರ ತಿದ್ದಿ, ನಲವತ್ತೆಂಟನೆಯ ವಯಸ್ಸಿನಲ್ಲಿ ಶಾಲೆ ಕಲಿಯದವರಿಗೆಂದೇ ಇಟ್ಟ ಪೂರ್ವಪರೀಕ್ಷೆ ಬರೆದು, ಮನೆಯಲ್ಲಿದ್ದೇ ಕಲಿಯುವ ಕಾಲೇಜಿಗೆ ಹೆಸರು ಹಚ್ಚಿದ್ದಳು. ಅರ್ಥಶಾಸ್ತ್ರವೊಂದು ಬಿಟ್ಟು ಎಲ್ಲ ಪಾಸು. ಅದಕ್ಕೆ ಇನ್ನೆರಡು ಸಲ ಕೂಡಬಹುದಿತ್ತು. ಆಮೇಲೆ ಬಾಗಿಲು ಬಂದ್.

ಒಂದು ಭಾನುವಾರ ಬಿಳೂರಿನಿಂದ ಬಂದು, ಜತ್ತದಲ್ಲಿ ಮಾಸ್ತರನಾಗಿದ್ದ ನನ್ನ ಮುಂದೆ ಹೊಸ ಮೊಬೈಲು ಇಟ್ಟಳು.

"ತಮ್ಮಾ, ಇದರಾಗ ಧ್ವನಿ ತುಂಬತೈತಂತ. ನೀ ಹೇಳು, ನಾ ಕೇಳ್ತೀನಿ."

"ಪುಸ್ತಕ ಐತಲ್ಲ ಅಕ್ಕಾ?"

"ಪುಸ್ತಕಾ ರೊಟ್ಟಿ ಬಡಕೋತ ಓದಾಕ ಬರ್ತೈತೇನು?"

ಮೊಬೈಲು ಕೈಗೆತ್ತಿಕೊಂಡೆ. ವಾರಕ್ಕೊಂದೇ ಸಿಗುವ ರಜೆಗಳು ಎಂಟು ಹೋದವು. ಮರಾಠಿ ಪುಸ್ತಕವನ್ನು ಕನ್ನಡದಲ್ಲಿ ಬಿಡಿಸಿ, ಕೆಮ್ಮಿ, ಆಕಳಿಸಿ ಮುಗಿಸಿದೆ.

ಅಲ್ಲಿಂದ ನಾನು ಸರ್ವಾಂತರ್ಯಾಮಿಯಾದೆ. ಒಲೆಯ ಮುಂದೆ ನಾನೇ, ಹಿಟ್ಟಿನ ಗಿರಣಿಯಲ್ಲಿ ನಾನೇ, ಬಿಳೂರಿನ ಬಸ್ಸಿನಲ್ಲೂ ನಾನೇ. ಒಂದು ದಿನ ಟಿಕೀಟು ಹರಿಯುತ್ತ ಕಂಡಕ್ಟರ್ ವಿಚಾರಿಸಿದ: "ಸರ, ಹಣದುಬ್ಬರದಾಗ ಭಾಳ ಕೆಮ್ಮಿದ್ರಿ. ಈಗ ಆರಾಮ ಅದೀರಿಲ್ಲೊ?"

ಪರೀಕ್ಷೆ ಬರೆದು ಅಕ್ಕ ಗೆದ್ದವಳಂತೆ ಬಂದಳು.

"ಒಂದ ಅಕ್ಷರ ಬಿಟ್ಟಿಲ್ಲ ತಮ್ಮಾ. 'ಬೇಡಿಕಿ ಏರಿದ್ರ ಬೆಲಿ ಏರ್ತೈತಿ, ಇಷ್ಟ ಸಾಕು, ನನಗ ನಿದ್ದಿ ಬಂತು' ಅನ್ನೂದನ್ನೂ ಮರಾಠಿದಾಗ ಚಲೋತ್ನಾಗಿ ಬರದೀನಿ."

ಆಕೆ ನಾಪಾಸಾದಳು. ವಾಸ್ತವವಾಗಿ ನಾಪಾಸಾದದ್ದು ನನ್ನ ನಿದ್ದೆ.

"ಅದು ಪಾಠ ಅಲ್ಲ ಅಂತ ತಿಳೀಲಿಲ್ಲೇನು?" ಎಂದೆ.

"ನಿನ್ನ ಸಾಲಿ ಕಿಡಕಿ ಹೊರಗ ನಿಂತ ಕಲತಾಕಿ ನಾ. ಮಾಸ್ತರ ಅಂದದ್ದೆಲ್ಲ ಪಾಠನ ಅಂತ ತಿಳಕೊಂಡೀನಿ. ಒಳಗ ಕುಂತಾವರು ಎದ್ದು ಕೇಳಬೌದು. ಹೊರಗ ನಿಂತಾವರು ಏನ ಕೇಳೂದು?"

ಚಿಕ್ಕವನಿದ್ದ ನನ್ನನ್ನು ಮನೆಗೆ ಕರೆದೊಯ್ಯಲು ಆಕೆ ಆ ಕಿಟಕಿಯ ಹತ್ತಿರ ನಿಲ್ಲುತ್ತಿದ್ದುದು ನನಗೆ ನೆನಪಿತ್ತು. ಕೇಳಿಸಿಕೊಳ್ಳುತ್ತಿದ್ದಳು ಎಂಬುದು ಗೊತ್ತಿರಲಿಲ್ಲ.

ಮುಂದಿನ ಭಾನುವಾರ ಆಕೆಯನ್ನು ಎದುರಿಗೆ ಕೂಡಿಸಿಕೊಂಡು ಮೊದಲ ಪಾಠದಿಂದ ಮತ್ತೆ ಶುರು ಮಾಡಿದೆ. ಆಕಳಿಕೆ ಬಂದಾಗ ಗುಂಡಿ ಒತ್ತಿ ನಿಲ್ಲಿಸಿದೆ. ಪುಟ ಮುಗಿದಾಗೊಮ್ಮೆ, "ಅಕ್ಕಾ, ಏನರ ಕೇಳೂದೈತೇನು?" ಎಂದೆ. ಕೇಳಿದಳು. ನನ್ನ ಪಾಠಕ್ಕಿಂತ ಆಕೆಯ ಪ್ರಶ್ನೆಗಳಿಂದಲೇ ಫೋನು ತುಂಬಿತು.

ಕೊನೆಯ ಸಲದ ಫಲಿತಾಂಶ ತಿಳಿಯಲು ಬಿಳೂರಿನ ಬಸ್ಸು ಹತ್ತಿದೆ. ಕಂಡಕ್ಟರ್ ಟಿಕೀಟಿನ ಮಾತೇ ಎತ್ತದೆ ಪಕ್ಕದಲ್ಲಿ ಕುಳಿತ.

"ಮುಂಜಾನಿ ಅಕ್ಕಾರು ಹೇಳಿದ್ರು ಸರ," ಎಂದ. "ನಾವು ಪಾಸಾದಿವ್ರಿ."