ಗಾಣಿಗೇರ ಸರ್ ಸಹಿಗಾಗಿ ನಡೆದ ಐವತ್ತು ನಿಮಿಷಗಳ ಮಹಾಸಮರ

ಎಲೈ ವಾಗ್ದೇವಿಯೇ, ಸೀಮೆಸುಣ್ಣದ ಧವಳಧೂಳಿಯಲ್ಲಿ ವಿಹರಿಸುವವಳೇ, ಪ್ರೊಜೆಕ್ಟರ್ ಕೆಟ್ಟಾಗ ಮಾತ್ರ ನೆನಪಾಗುವವಳೇ, ಕ್ಷಣಕಾಲ ನನ್ನ ನಾಲಗೆಯ ಮೇಲೆ ಕುಳಿತುಕೋ! ಪಾಠಕ್ಕಿಂತ ಪಾಠದ ಕಡತವೇ ದಪ್ಪಗಾದ ಈ ಕಲಿಯುಗದಲ್ಲಿ, ಗದಗ ಸೀಮೆಯ ಇಂಜಿನಿಯರಿಂಗ್ ಕಾಲೇಜೊಂದರ ಸಿವಿಲ್ ವಿಭಾಗದಲ್ಲಿ, ಒಂದೇ ಒಂದು ಸಹಿಗಾಗಿ ನಡೆದ ಘನಘೋರ ಸಂಗ್ರಾಮವನ್ನು ಹೇಳುವೆನು.

ವೀರಾಗ್ರಣಿ ಯಾರೆಂದಿರಾ? ಶಾಲೆಯ ಕೊಠಡಿಗಳನ್ನು ಗುಡಿಸುತ್ತ ಕೊನೆಯ ಬೆಂಚಿನ ಕೆಳಗಿನವರೆಗೂ ಬಾಗಿದ ದುರ್ಗವ್ವನ ಪುತ್ರಿ, ಎಂ.ಟೆಕ್. ಪದವೀವಿಭೂಷಿತೆ, ಬೇರೆಯವರು ಕಲಿಸಿದ ಪಾಠದ ಲ್ಯಾಬ್ ರೆಕಾರ್ಡುಗಳನ್ನು ಸೆಮಿಸ್ಟರ್ ಪೂರ್ತಿ ತಿದ್ದಿ ತಿದ್ದಿ ರಕ್ತಮಸಿಲಿಪ್ತಾಂಗುಲಿಯಾದ ಕಸ್ತೂರಿ ಮಾದರ! ಆ ಕಾಲೇಜಿನ ಕಟ್ಟಳೆ ಹೀಗಿತ್ತು: ಹೊಸ ಅಧ್ಯಾಪಕರು ಮೊದಲು ಹಿರಿಯ ಪ್ರೊಫೆಸರ್ ಈರಸಂಗಪ್ಪ ಗಾಣಿಗೇರರೊಬ್ಬರಿಗೇ ಪಾಠ ಮಾಡಬೇಕು. ಅವರು ಕೊನೆಯ ಬೆಂಚಿನ ವಿದ್ಯಾರ್ಥಿಯಾಗಿ ಕೂರುವರು. ಪಾಠಯೋಜನೆಗೆ ಸಹಿ ಬಿದ್ದರೆ ಸೋಮವಾರದಿಂದ ತರಗತಿ. ಬೀಳದಿದ್ದರೆ ಇನ್ನಾರು ತಿಂಗಳು ರೆಕಾರ್ಡು. ಆಗಲೇ ಇಬ್ಬರು ಮಹಾರಥಿಗಳು ಗಾಣಿಗೇರರ "ನೀರು ಕುಡದು ಬರ್ಲ್ಯಾ ಮೇಡಂ?" ಎಂಬ ಒಂದೇ ಬಾಣಕ್ಕೆ ಧರಾಶಾಯಿಗಳಾಗಿದ್ದರು.

ನರೆಮೀಸೆಮಂಡಿತ ಗಾಣಿಗೇರರು ಬೆಂಚಿನ ಮೇಲೆ ಕಾಲು ಚಾಚಿ ಗರ್ಜಿಸಿದರು: "ಕಸ್ತೂರಿ, ಇಪ್ಪತ್ತೆಂಟು ವರ್ಷದಾಗ ನನ್ನಂಥ ದಡ್ಡ ವಿದ್ಯಾರ್ಥಿ ಈ ಕಾಲೇಜಿನಾಗ ಮತ್ತೊಬ್ಬ ಕುಂತಿಲ್ಲ. ನನಗ ತಿಳಿಸಿದಿ ಅಂದ್ರ ಲೋಕಕ್ಕ ತಿಳಿಸಿದಂಗ. ನಡೀಲಿ!"

"ನಿಮಿಷ ನಿಮಿಷಕ್ಕೂ ಪ್ಲಾನ್ ಬರದೀನ್ರಿ ಸರ್. ಮೂವತ್ತೊಂದು ಸ್ಲೈಡ್ ಅದಾವು. ನಿಮಗ ತಪ್ಪಿಸ್ಕೊಳ್ಳಾಕ ಸಂದೀನ ಇಲ್ಲ!" ಎಂದು ಪ್ರತಿಗರ್ಜಿಸಿ, ಕಸ್ತೂರಿ ಸ್ಲೈಡುಗಳ ಶರವರ್ಷಗರೆದಳು. ಭಾರ ಹೊತ್ತ ತೊಲೆ ಹೇಗೆ ಬಾಗುವುದೆಂಬ ಸಮೀಕರಣಗಳು ಗೋಡೆಯ ತುಂಬ ಹರಿದಾಡಿದವು. ಹತ್ತನೆಯ ಸ್ಲೈಡಿಗೆ ಪ್ರತಿಪಕ್ಷ ಆಕಳಿಸಿತು. ಹದಿನೈದಕ್ಕೆ ಗೊರಕೆ ಹೊಡೆಯಿತು. ಅಯ್ಯೋ, ಆ ಗೊರಕೆಯಲ್ಲಿ ಕಸ್ತೂರಿಗೆ ಮುಂದಿನ ಆರು ತಿಂಗಳ ರೆಕಾರ್ಡುಗಳು ರಾಶಿ ರಾಶಿಯಾಗಿ ಬೀಳುವ ಸದ್ದು ಕೇಳಿಸಿತು. ಆಗ ಆ ವೀರವನಿತೆ ಪ್ರೊಜೆಕ್ಟರ್ ಆರಿಸಿ, ಬಾಗಿ, ಕಾಲಿನ ಹವಾಯಿ ಚಪ್ಪಲಿ ಕಳಚಿ ಕೈಗೆತ್ತಿಕೊಂಡಳು.

ಗಾಣಿಗೇರರ ನಿದ್ರೆ ಮೂರೂ ಲೋಕಗಳಿಂದ ಹಾರಿಹೋಯಿತು. "ಏನವಾ ಇದು! ಸಹಿ ಮಾಡ್ತೀನಿ, ಕೆಳಗಿಡವಾ!"

"ಹೆದರಬ್ಯಾಡೋ ತಮ್ಮಾ," ಎಂದಳು ಕಸ್ತೂರಿ, ಆಟದ ನಿಯಮವನ್ನು ಅಸ್ತ್ರವಾಗಿ ಹಿಡಿದು. "ಕೊನೇ ಬೆಂಚು, ಎದ್ದ್ ಬಾ ಇಲ್ಲಿ."

ಇಪ್ಪತ್ತೆಂಟು ವರ್ಷಗಳಲ್ಲಿ ಆ ಪೀಠವನ್ನು ಹೀಗೆ ಎಬ್ಬಿಸಿದವರಿರಲಿಲ್ಲ. ಗಾಣಿಗೇರರು ಎದ್ದು ಬಂದರು. ಕಸ್ತೂರಿ ಚಪ್ಪಲಿಯ ಅಂಚಿಗೆ ಸೀಮೆಸುಣ್ಣದಿಂದ ಸಾಲಾಗಿ ಮೇಲಿಂದ ಕೆಳಕ್ಕೆ ಗೆರೆ ಎಳೆದು, ಅವರ ಕೈಗಿಟ್ಟಳು.

"ಎರಡೂ ತುದಿ ಹಿಡಿ. ನಡುವ ಕೆಳಕ್ಕ ಬಾಗ್ಸು. ಗೆರಿ ಏನಾದ್ವು?"

"ಮ್ಯಾಲ ಒತ್ತೊತ್ತಾಗಿ ಬಂದ್ವ್ರಿ. ಕೆಳಗ ಬ್ಯಾರೆ ಬ್ಯಾರೆ ಆದ್ವು."

"ಹಂಗಾದ್ರ ಕಾಂಕ್ರೀಟಿಂದ ಮಾಡಿದ್ದಿದ್ರ ಎಲ್ಲಿ ಸೀಳ್ತಿತ್ತು?"

"ಕೆಳಗ್ರಿ." ದಡ್ಡರ ಚಕ್ರವರ್ತಿ ಕಣ್ಣರಳಿಸಿದರು. "ಅದಕ್ಕ ಕಬ್ಬಿಣದ ಸರಳು ಕೆಳಗ ಹಾಕ್ತಾರೇನ್ರಿ?"

"ನಾ ಹೇಳಲಿಲ್ಲ. ನೀನ ಹೇಳ್ದಿ," ಎಂದಳು ಕಸ್ತೂರಿ, ಒಂದು ಕಾಲು ಬರಿಗಾಲಾಗಿ, ದಿಗ್ವಿಜಯಿಯಂತೆ.

ದೇವತೆಗಳು ಹೂಮಳೆ ಸುರಿಸಬೇಕಿತ್ತು. ಫ್ಯಾನಿನಿಂದ ಒಂದಿಷ್ಟು ಧೂಳು ಉದುರಿತು. ಗಾಣಿಗೇರರು ಚಪ್ಪಲಿಯನ್ನು ಮೇಜಿನ ಮೇಲಿಟ್ಟು, ಕೆಂಪು ಪೆನ್ನು ತೆಗೆದು, ಪಾಠಯೋಜನೆಯಲ್ಲಿದ್ದ ಮೂವತ್ತೊಂದು ಸ್ಲೈಡುಗಳ ಸಾಲನ್ನು ಅಡ್ಡಡ್ಡ ಕಡಿದು, 'ಚಪ್ಪಲಿ' ಎಂದು ಬರೆದರು. ಪೆನ್ನು ಕೊನೆಯ ಎಂಟು ನಿಮಿಷಗಳ ಮೇಲೆ ನಿಂತಿತು. ಅಲ್ಲಿ, ಮೂರು ದಿನ ಕೂತು ಕಸ್ತೂರಿ ಬರೆದು ಬಾಯಿಪಾಠ ಮಾಡಿದ್ದ 'ರಾಷ್ಟ್ರನಿರ್ಮಾಣದಲ್ಲಿ ತೊಲೆಯ ಪಾತ್ರ' ಎಂಬ ಭರತವಾಕ್ಯವಿತ್ತು.

"ಇದನ್ನ ತೆಗಿ."

"ಸರ್! ಅದ ಛಲೋ ಐತ್ರಿ!"

"ಎಪ್ಪತ್ತೆರಡು ಹುಡುಗುರು ಅದಾವು. ಹೆಸರು ಕೂಗಾಕ ಎಂಟು ನಿಮಿಷ ಬೇಕು. ನಿನ್ನ ಪ್ಲಾನಿನಾಗ ಹಾಜರಿ ಎಲ್ಲೈತಿ?"

ಇರಲಿಲ್ಲ. ನಿಮಿಷ ನಿಮಿಷವನ್ನೂ ಜಯಿಸಿದವಳು ಹಾಜರಿ ಮರೆತಿದ್ದಳು. ರಾಷ್ಟ್ರನಿರ್ಮಾಣ ಒಂದೇ ಗೀಟಿಗೆ ನೆಲಕಚ್ಚಿತು. ಅದರ ಪಕ್ಕದಲ್ಲೇ ಸಹಿ ಬಿತ್ತು.

"ನಂದೂ ಹಾಜರಿ ಇನ್ನೂ ಆಗಿಲ್ಲ," ಎಂದು ಗಾಣಿಗೇರರು ಮತ್ತೆ ಕೊನೆಯ ಬೆಂಚಿಗೆ ಹೋಗಿ ಕುಳಿತರು.

ಕಸ್ತೂರಿ ಚಪ್ಪಲಿ ಮೆಟ್ಟಿಕೊಂಡು, ಹಾಜರಿ ಪುಸ್ತಕ ತೆರೆದು, ಗಂಟಲು ಸರಿಮಾಡಿಕೊಂಡಳು.

"ಈರಸಂಗಪ್ಪ ಗಾಣಿಗೇರ."

ನರೆಮೀಸೆಯ ಮಹಾಪ್ರಾಧ್ಯಾಪಕರು ಎದ್ದು ನಿಂತರು.

"ಎಸ್ ಮೇಡಂ."